ಮರುಟಪಾಲು

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ಸವಳಂಗವೆಂಬ ಊರಿದೆ. ನ್ಯಾಮತಿ, ಹೊನ್ನಾಳಿಗಳ ಕಡೆಗೆ ಹೊರಳುವ ರಸ್ತೆಯೂ ಅಲ್ಲಿಯೇ ಕವಲೊಡೆಯುತ್ತದೆ. ನಾನು ಹುಟ್ಟಿ ಬೆಳೆದದ್ದು ಆ ಊರಿನಲ್ಲಿ. ನನ್ನ ಬಾಲ್ಯದಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಊರು ಇದ್ದಲ್ಲಿಯೇ ಇದೆ, ಅದರ ವಿಳಾಸ ಮಾತ್ರ ಎರಡು ಬಾರಿ ಬದಲಾಯಿತು. ವಿಳಾಸದ ಮಾತನ್ನು ಮೊದಲೇ ಎತ್ತಿದ್ದಕ್ಕೆ ಕಾರಣವುಂಟು. ನನ್ನ ಪದವಿಯ ಓದು ನಡೆದದ್ದೆಲ್ಲ ವಿಳಾಸ ಬರೆದ ಲಕ್ಕೋಟೆಗಳ ಮೂಲಕ.

ತಂದೆಯವರು ತೀರಿಕೊಂಡಾಗ ನಾನು ಆಗತಾನೆ ಪಿ.ಯು.ಸಿ. ಮುಗಿಸಿದ್ದೆ. ಮನೆಗೆ ಹಿರಿಯ ಮಗ. ತಮ್ಮ ಇನ್ನೂ ಚಿಕ್ಕವನು. ಹೊಲವನ್ನು ಬಿಟ್ಟು ಪಟ್ಟಣಕ್ಕೆ ಹೋಗುವಂತಿರಲಿಲ್ಲ. ನನ್ನಂಥವರಿಗಾಗಿಯೇ ಎಂಬಂತೆ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. 1974ರಲ್ಲಿ ನಾನೂ ಅದಕ್ಕೆ ಸೇರಿದೆ. ಅಚ್ಚಾದ ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಅಂಚೆಯಣ್ಣನ ಸೈಕಲ್ಲಿನ ಗಂಟೆಯೇ ನನಗೆ ಶಾಲೆಯ ಗಂಟೆ. ಬಂದ ಪಾಠವನ್ನು ಓದಿ, ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸುತ್ತಿದ್ದೆ. ಈಗ ಯೋಚಿಸಿದರೆ ನಗು ಬರುತ್ತದೆ. ಅವರು ಕಳುಹಿಸಿದ್ದನ್ನೇ ನಾನು ಅವರಿಗೆ ಹಿಂದಿರುಗಿಸುತ್ತಿದ್ದೆ. ಸವಳಂಗದಿಂದ ಮೈಸೂರಿಗೆ ಹೋಗುತ್ತಿದ್ದುದು ಮೈಸೂರಿನದೇ ಸರಕು. ಸವಳಂಗದ್ದು ಎಂಬುದು ಅದರಲ್ಲಿ ಅಂಚೆಯ ಮುದ್ರೆಯೊಂದೇ.

ಹಗಲೆಲ್ಲ ಹೊಲದ ಕೆಲಸವಾದ್ದರಿಂದ ನಾನು ಬೆಳಗಿನ ಜಾವದಲ್ಲಿ ಎದ್ದು ಓದುತ್ತಿದ್ದೆ. ಅವ್ವ ಜೋಳ ಬೀಸುವುದಕ್ಕೆ ಕುಳಿತುಕೊಳ್ಳುತ್ತಿದ್ದುದೂ ಅದೇ ಹೊತ್ತಿಗೆ. ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಿ, ಗೂಟ ಹಿಡಿದು ತಿರುಗಿಸುತ್ತ ಅವಳು ಹಾಡಿಕೊಳ್ಳುತ್ತಿದ್ದಳು. ಕಲ್ಲು ಸುತ್ತು ತಿರುಗುವುದಕ್ಕೂ ಹಾಡಿನ ಸಾಲು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ನನಗೆ ಸಿಟ್ಟು ಬಂದು, “ಅವ್ವಾ, ಸ್ವಲ್ಪ ಸುಮ್ಮನಿರಬಾರದೇ? ನಾನಿಲ್ಲಿ ಓದುತ್ತಿದ್ದೇನೆ” ಎಂದೆ. ಹಾಡು ನಿಂತಿತು; ಕಲ್ಲಿನ ಸದ್ದು ಮಾತ್ರ ಉಳಿಯಿತು. ಅಂದು ನಾನು ಓದುತ್ತಿದ್ದ ಪಾಠ ಯಾವುದೆಂದು ಬಲ್ಲಿರಾ? ಜಾನಪದ ಸಾಹಿತ್ಯ. ಬೀಸುವ ಪದಗಳ ಲಕ್ಷಣಗಳನ್ನು ನಾನು ಬಾಯಿಪಾಠ ಮಾಡುತ್ತಿದ್ದೆ.

ಕಾಲ ಉರುಳಿತು. ದೂರದಿಂದ ಕಲಿಸುವ ವಿದ್ಯೆ ದೇಶದೇಶಗಳಲ್ಲಿ ಬೆಳೆಯಿತು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯವು 1971ರಿಂದಲೇ ಬಾನುಲಿ, ದೂರದರ್ಶನಗಳ ಮೂಲಕವೂ ಪಾಠ ಹೇಳತೊಡಗಿತ್ತು. ನನಗೆ ಪಾಠ ಕಳುಹಿಸುತ್ತಿದ್ದ ಮೈಸೂರಿನ ಆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2017ರಲ್ಲಿ ಭಾರತ ಸರ್ಕಾರವು ‘ಸ್ವಯಂ’ ಎಂಬ ಹೆಸರಿನಲ್ಲಿ ಅಂತರ್ಜಾಲದ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಲಕ್ಕೋಟೆ ಹೋಗಿ ಬಾನುಲಿ ಬಂತು, ಬಾನುಲಿ ಹೋಗಿ ಪರದೆ ಬಂತು. ಆದರೂ ಬಹುಮಟ್ಟಿಗೆ ಹೇಳುವವರು ಅಲ್ಲಿ, ಕೇಳುವವರು ಇಲ್ಲಿ.

ಇದಕ್ಕೆ ಹೊರತಾದ ಪ್ರಯೋಗವೊಂದು ಅಮೆರಿಕದಲ್ಲಿ ನಡೆಯಿತು. ಸಾಮಾನ್ಯ ಜನರು ತಮ್ಮ ಬಾಳಿನ ಒಂದು ಘಟನೆಯನ್ನು ತಮ್ಮದೇ ಧ್ವನಿಯಲ್ಲಿ ಹೇಳಿ, ಅದಕ್ಕೆ ಕೆಲವು ಚಿತ್ರಗಳನ್ನು ಜೋಡಿಸಿ, ಎರಡು ಮೂರು ನಿಮಿಷಗಳ ಪುಟ್ಟ ಚಿತ್ರವನ್ನಾಗಿ ಮಾಡುವ ಕಲೆಗೆ ಡಿಜಿಟಲ್ ಕಥನವೆಂದು ಹೆಸರು. ಅದನ್ನು ಕಲಿಸುವ ಕೇಂದ್ರವೊಂದು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿತು. ಮುಂದೆ ವರ್ಜೀನಿಯಾ ರಾಜ್ಯದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಜಿಮ್ ಗ್ರೂಮ್ ಎಂಬುವರು 2010ರಲ್ಲಿ ಈ ವಿಷಯದ ತರಗತಿಯನ್ನು ಹೊಸ ರೀತಿಯಲ್ಲಿ ರೂಪಿಸಿ, 2011ರಲ್ಲಿ ಅದನ್ನು ಅಂತರ್ಜಾಲದ ಮೂಲಕ ಯಾರು ಬೇಕಾದರೂ ಸೇರಬಹುದಾದ ತರಗತಿಯನ್ನಾಗಿ ಮಾಡಿದರು. ಅಲ್ಲಿ ಅಭ್ಯಾಸದ ಪ್ರಶ್ನೆಗಳನ್ನು ಕಲಿಯುವವರೂ ಸೂಚಿಸಬಹುದಾಗಿತ್ತು. ಒಬ್ಬರು ಮಾಡಿದ ಕಥೆಯನ್ನು ಉಳಿದವರು ನೋಡಿ ಅಭಿಪ್ರಾಯ ಹೇಳುತ್ತಿದ್ದರು. ಪಾಠ ಕೇಳಲು ಬಂದವನು ಅಲ್ಲಿ ತನ್ನದನ್ನೂ ಹೇಳಬೇಕಾಗಿತ್ತು.

ಇಂಥದೊಂದು ಅಭ್ಯಾಸವು ನಮ್ಮ ಮನೆಯ ಅಂಗಳಕ್ಕೂ ಬಂದೀತೆಂದು ನಾನು ಎಣಿಸಿರಲಿಲ್ಲ. 2020ರಲ್ಲಿ ಕೊರೋನಾ ರೋಗದಿಂದಾಗಿ ಕಾಲೇಜುಗಳು ಮುಚ್ಚಿದವು. ಶಿವಮೊಗ್ಗದಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗಳು ಊರಿಗೆ ಮರಳಿದಳು. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದು. ಪುಸ್ತಕದ ಚೀಲ ಹೊತ್ತು ಅವಳು ದಿನವೂ ಕೆರೆಯ ಏರಿಯ ಮೇಲೆ ಹೋಗಿ ಕುಳಿತು ಪಾಠ ಕೇಳುತ್ತಿದ್ದಳು. ಒಂದು ದಿನ ಅಧ್ಯಾಪಕಿಯೊಬ್ಬರು ಹೀಗೊಂದು ಅಭ್ಯಾಸ ಕೊಟ್ಟರು: ಮನೆಯಲ್ಲಿ ಈಗ ಬಳಕೆಯಲ್ಲಿಲ್ಲದ ವಸ್ತುವೊಂದರ ಕಥೆಯನ್ನು ಮೂರು ನಿಮಿಷಗಳಲ್ಲಿ ಹೇಳಬೇಕು, ಚಿತ್ರಗಳನ್ನು ತಾವೇ ತೆಗೆಯಬೇಕು, ಧ್ವನಿ ತಮ್ಮದು ಅಥವಾ ಮನೆಯವರದಾಗಿರಬೇಕು.

ಹಿತ್ತಿಲಿನಲ್ಲಿ ಕೋಳಿಗಳಿಗೆ ನೀರಿಡುವ ಜಗುಲಿಯಾಗಿದ್ದ ಬೀಸುಕಲ್ಲು ಅವಳ ಕಣ್ಣಿಗೆ ಬಿತ್ತು. ಅಜ್ಜಿಯ ಮುಂದೆ ಮೊಬೈಲ್ ಇಟ್ಟು ಕುಳಿತಳು. “ಕಲ್ಲಿನ ಕಥೆ ಯಾರಿಗೆ ಬೇಕು ಮಗಾ?” ಎಂದು ಅವ್ವ ನಕ್ಕಳು. ಆದರೂ ಹೇಳತೊಡಗಿದಳು. ಮದುವೆಯಾಗಿ ಬಂದ ಮೊದಲ ವಾರ ಅಂಗೈ ಬೊಬ್ಬೆಯೆದ್ದದ್ದು, ಸವೆದ ಕಲ್ಲನ್ನು ಉಳಿಯಿಂದ ಒರಟು ಮಾಡಲು ವರ್ಷಕ್ಕೊಮ್ಮೆ ಜನ ಬರುತ್ತಿದ್ದದ್ದು, ನೆರೆಮನೆಯಾಕೆಯೊಡನೆ ಎದುರುಬದುರಾಗಿ ಕುಳಿತು ಬೀಸಿದ್ದು, ಊರಿಗೆ ಹಿಟ್ಟಿನ ಗಿರಣಿ ಬಂದಾಗ ಮೊದಲು ಬೇಸರವಾಗಿ ಆಮೇಲೆ ಹಾಯೆನಿಸಿದ್ದು. ಹೀಗೆ ಎರಡು ಗಂಟೆಯ ಮಾತು ಸಂಗ್ರಹವಾಯಿತು. ಅದನ್ನು ಮೂರು ನಿಮಿಷಕ್ಕೆ ಇಳಿಸಲು ನಮ್ಮ ಹುಡುಗಿಗೆ ಹತ್ತು ದಿನ ಹಿಡಿಯಿತು. ಕಾಳು ಕೇರುವವರಂತೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಮತ್ತೆ ಮತ್ತೆ ಕೇಳಿ ನೋಡಿದಳು.

ಕೆಲಸ ಮುಗಿದ ಸಂಜೆ, ಕಾಲೇಜಿಗೆ ಕಳುಹಿಸುವ ಮುನ್ನ, ಅವಳು ಅದನ್ನು ಅಜ್ಜಿಗೂ ನನಗೂ ತೋರಿಸಿದಳು. ಕಲ್ಲಿನ ಚಿತ್ರ, ಅವ್ವನ ಸುಕ್ಕುಗಟ್ಟಿದ ಕೈ, ಅವಳ ಧ್ವನಿ. ಕೊನೆಯಲ್ಲಿ ಅವ್ವ ಹೇಳಿದ್ದಳು: “ನಮ್ಮ ದೊಡ್ಡವನು ಓದಾಕೆ ಕುಂತ ಮ್ಯಾಲೆ ನಾನು ಹಾಡೋದು ಬಿಟ್ಟೆ.” ಆ ಮಾತಿನಲ್ಲಿ ದೂರಿರಲಿಲ್ಲ. ನಾನು ತಲೆ ತಗ್ಗಿಸಿದೆ. ಅವ್ವ ನನ್ನನ್ನೊಮ್ಮೆ ನೋಡಿ, “ಅದೊಂದು ಮಾತು ತೆಗೆದುಬಿಡವ್ವಾ” ಎಂದು ಮೊಮ್ಮಗಳಿಗೆ ಹೇಳಿದಳು.

“ಅಜ್ಜೀ, ಕಥೆಯೆಲ್ಲ ನಿಂತಿರುವುದೇ ಆ ಮಾತಿನ ಮೇಲೆ” ಎಂದಳು ಹುಡುಗಿ.

“ಇರಬಹುದು. ಅವನ ಮನಸ್ಸಿಗೆ ನೋವಾಗತೈತಿ.”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಅಜ್ಜಿಯ ಎದುರಿನಲ್ಲಿಯೇ ಆ ಮಾತನ್ನು ತೆಗೆದಳು. ಅವಳಿಗೆ ಎಷ್ಟು ಅಂಕ ಬಂತೋ ನಾನು ಕೇಳಲಿಲ್ಲ. ಆ ಸಂಜೆ ಅವಳು ಕಲಿತದ್ದು ಪಠ್ಯಕ್ರಮದಲ್ಲಿ ಇರಲಾರದು. ಇನ್ನೊಬ್ಬರ ಬಾಯಿಂದ ಬಂದ ಕಥೆ ನಮ್ಮ ಯಂತ್ರದಲ್ಲಿ ಸಂಗ್ರಹವಾದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಅದನ್ನು ಮೊದಲು ಹೇಳಿದವರಿಗೇ ಕೇಳಿಸಬೇಕು. ಅವರು ಬೇಡವೆಂದ ಮಾತು ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು.

ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ಆ ಮೂರು ನಿಮಿಷಗಳಲ್ಲಿ ಅವಳ ಧ್ವನಿ ಉಳಿದಿದೆ, ಹಾಡು ಉಳಿದಿಲ್ಲ. ಮೊಮ್ಮಗಳು ಕೇಳುವ ಹೊತ್ತಿಗೆ ಅವಳಿಗೆ ಪದಗಳು ಮರೆತುಹೋಗಿದ್ದವು. ಅವಳು ತೆಗೆಸಿದ ಮಾತನ್ನು ನಾನೇಕೆ ಇಲ್ಲಿ ಬರೆದೆನೆಂದು ನೀವು ಕೇಳಬಹುದು. ನನ್ನನ್ನು ನೋಯಿಸಬಾರದೆಂದು ಅವಳು ಅದನ್ನು ತನ್ನ ಕಥೆಯಿಂದ ತೆಗೆಸಿದಳು. ತಪ್ಪು ನನ್ನದು, ಆದ್ದರಿಂದ ನನ್ನ ಕಥೆಯಲ್ಲಿ ಅದು ಇರಲೇಬೇಕು. ಮೈಸೂರಿನಿಂದ ಬಂದ ಜಾನಪದದ ಪಾಠಕ್ಕೆ ಅಂದು ನಾನು ಬರೆದು ಕಳುಹಿಸಿದ್ದು ಸರಿಯಾದ ಉತ್ತರವಾಗಿರಲಿಲ್ಲ. ಐವತ್ತು ವರ್ಷ ತಡವಾದರೂ ಇದು ಅದರ ಮರುಟಪಾಲು.