ಮರಳು ಊದುವ ಮೀನು



ನಿಮ್ಮ ಕಾಗದ ಕೈಸೇರಿತು. ಡಿಸ್ಕಸ್ ಮೀನಿನ ತೊಟ್ಟಿಯಲ್ಲಿರುವ ಬಣ್ಣದ ಕಲ್ಲುಗಳನ್ನು ತೆಗೆದು ಮರಳು ಹಾಸಬೇಕೆಂದಿದ್ದೀರಿ. ಧಾರಾಳವಾಗಿ ಹಾಸಿ. ಒಂದೇ ಭಾನುವಾರದಲ್ಲಿ ಮುಗಿಸಿಬಿಡುವ ಆತುರ ಮಾತ್ರ ಬೇಡ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಮೀನಿನ ಕಡೆಯಿಂದ ನೋಡೋಣ. ವಿಯೆನ್ನಾದ ಮೀನುತಜ್ಞ ಹೆಕೆಲ್ 1840ರಲ್ಲಿ ಈ ಮೀನಿಗೆ ವೈಜ್ಞಾನಿಕ ಹೆಸರಿಟ್ಟ. ಜೀವಿಸಂಗ್ರಾಹಕ ನಾಟರರ್ ಅದನ್ನು ಹಿಡಿದು ಕಳಿಸಿದ್ದು ಬ್ರೆಜಿಲ್‌ನ ರಿಯೊ ನೆಗ್ರೊ ನದಿಯ ಸೀಮೆಯಿಂದ. ಅಲ್ಲಿ ಹೊಳೆಯ ತಳದಲ್ಲಿ ಬಿಳಿ ಮರಳಿದೆ, ಮರಳಿನ ಮೇಲೆ ಕೊಳೆತ ತರಗೆಲೆ, ನಡುವೆ ಮುಳುಗಿದ ಮರಗಳ ಕೊಂಬೆಗಳು. ಡಿಸ್ಕಸ್‌ನ ಮೈ ತಟ್ಟೆಯಗಲವಾದರೂ ಬಾಯಿ ತೀರಾ ಚಿಕ್ಕದು. ಆ ಬಾಯಿ ಏನು ಮಾಡಬಲ್ಲದು ಎಂಬುದು ಗೊತ್ತಾಗಬೇಕಾದರೆ ಮರಳಿರುವ ತೊಟ್ಟಿಗೆ ಒಂದಿಷ್ಟು ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಹಾಕಿ ನೋಡಬೇಕು. ಮೀನು ತಲೆ ತಗ್ಗಿಸಿ, ಮೈ ಓರೆ ಮಾಡಿಕೊಂಡು ಕೆಳಗಿಳಿಯುತ್ತದೆ. ಮರಳಿಗೆ ಇನ್ನೇನು ತುಟಿ ತಾಗಬೇಕು ಎನ್ನುವಷ್ಟರಲ್ಲಿ ನಿಂತು, ಬಾಯಿಂದ ನೀರು ಊದುತ್ತದೆ. ಮರಳು ಚದುರಿ ಅಲ್ಲೊಂದು ಪುಟ್ಟ ಗುಳಿ ಬೀಳುತ್ತದೆ. ಕೆಂಪು ಹುಳು ಮೇಲೆದ್ದದ್ದೇ ತಡ, ಹೀರಿಕೊಂಡು, ಜೊತೆಗೆ ಬಂದ ಮರಳನ್ನು ಉಗುಳಿ ಮುಂದಕ್ಕೆ ಹೋಗುತ್ತದೆ. ಪಕ್ಕದ ಮೀನು ಬಂದು ಅದೇ ಗುಳಿಯನ್ನು ಮತ್ತೊಮ್ಮೆ ಊದುತ್ತದೆ. ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸಿಲ್ಲ.

ದಪ್ಪ ಕಲ್ಲಿನ ಮೇಲೆ ಇದು ನಡೆಯುವುದಿಲ್ಲ. ಹುಳು ಸಂದಿಗೆ ಇಳಿಯುತ್ತದೆ, ಮೀನಿಗೆ ಎಟುಕುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿಯ ಬೆಚ್ಚನೆಯ ನೀರು ಬೇಕು. ಆ ಶಾಖಕ್ಕೆ ಎಲ್ಲವೂ ಬೇಗ ಕೊಳೆಯುತ್ತದೆ, ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಮರಳಾದರೆ ಉಳಿದ ಆಹಾರ, ಮೀನಿನ ಮಲ ಎಲ್ಲವೂ ಮೇಲೇ ಕಾಣುತ್ತವೆ. ಸೈಫನ್ ಪೈಪನ್ನು ಒಂದೆರಡು ಅಂಗುಲ ಮೇಲೆ ಹಿಡಿದು ಸುತ್ತಿಸಿದರೆ ಹೊಲಸು ಎದ್ದು ಬರುತ್ತದೆ, ಮರಳು ತಳದಲ್ಲೇ ಇರುತ್ತದೆ. ಅಂದಚೆಂದದ ಮಾತು ಇವೆರಡರ ನಂತರ.

ಯಾವ ಮರಳು ಎಂದು ಕೇಳಿದ್ದೀರಿ. ಎಂ-ಸ್ಯಾಂಡ್ ಬೇಡವೇ ಬೇಡ. ಅದು ಕಲ್ಲು ಒಡೆದು ಮಾಡಿದ್ದು, ಅಂಚು ಚೂಪು, ಧೂಳು ವಿಪರೀತ. ಮಲ್ಪೆಗೋ ಸುರತ್ಕಲ್ಲಿಗೋ ಹೋದಾಗ ಕಡಲ ಮರಳನ್ನು ತುಂಬಿಕೊಂಡು ಬರಬೇಡಿ. ಅದರಲ್ಲಿ ಉಪ್ಪಿನ ಜೊತೆ ಚಿಪ್ಪಿನ ಚೂರುಗಳೂ ಇರುತ್ತವೆ. ಚಿಪ್ಪಿನ ಸುಣ್ಣ ಕರಗಿದಷ್ಟೂ ನೀರು ಗಡಸಾಗುತ್ತದೆ, ನಿಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ಈಜುಕೊಳದ ಫಿಲ್ಟರಿಗೆ ಹಾಕುವ ಸಿಲಿಕಾ ಮರಳು ಸಿಕ್ಕರೆ ಒಳ್ಳೆಯದು, ಕಾಳು ಅರ್ಧದಿಂದ 1 ಮಿಲಿಮೀಟರ್ ಇರಲಿ. ಯಾವುದನ್ನೇ ತಂದರೂ ಒಂದು ಚಮಚ ಮರಳಿಗೆ ವಿನೆಗರ್ ಸುರಿದು ನೋಡಿ. ಗುಳ್ಳೆ ಎದ್ದರೆ ಸುಣ್ಣವಿದೆ ಎಂದರ್ಥ, ವಾಪಸ್ ಕೊಟ್ಟುಬಿಡಿ. ಆಮೇಲೆ ಬಕೆಟ್ಟಿನಲ್ಲಿ ಅಕ್ಕಿ ತೊಳೆದ ಹಾಗೆ ಕೈಯಾಡಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. 2 ಸೆಂಟಿಮೀಟರ್ ದಪ್ಪ ಹಾಸಿದರೆ ಸಾಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ನಿಮ್ಮ ತೊಟ್ಟಿಗೆ ಸುಮಾರು 18 ಕಿಲೋ ಹಿಡಿಯುತ್ತದೆ. ತೀರಾ ದಪ್ಪವಾದರೆ ಅಡಿಯಲ್ಲಿ ಗಾಳಿಯಾಡದೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ.

ಈಗ ಆತುರದ ಮಾತು. ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನಿಮ್ಮ ಆ ಹಳೆಯ ಕಲ್ಲುಗಳಿಗೆ ಅಂಟಿಕೊಂಡೇ ಬದುಕುತ್ತಿವೆ. ನಿಮ್ಮದು ಅಂಡರ್‌ಗ್ರಾವೆಲ್ ಫಿಲ್ಟರ್ ಆದ್ದರಿಂದ ತೊಟ್ಟಿಯ ಜೀವವೇ ಆ ಕಲ್ಲುಗಳಲ್ಲಿದೆ ಎನ್ನಬೇಕು. ಕಲ್ಲುಗಳ ಅಡಿಯಲ್ಲಿರುವ ಆ ಫಿಲ್ಟರಿನ ತಟ್ಟೆಯ ಮೇಲೆ ಮರಳು ಹಾಕಿದರೆ ಅದು ಕಟ್ಟಿಕೊಳ್ಳುತ್ತದೆ, ಹಾಗಾಗಿ ತಟ್ಟೆಯನ್ನೂ ತೆಗೆಯಲೇಬೇಕು. ತೆಗೆಯುವ ಮೊದಲು ಒಂದೆರಡು ದೊಡ್ಡ ಸ್ಪಾಂಜ್ ಫಿಲ್ಟರ್‌ಗಳನ್ನು ಇದೇ ತೊಟ್ಟಿಯಲ್ಲಿ ಒಂದೂವರೆ ತಿಂಗಳಾದರೂ ಓಡಿಸಿ. ಅವುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲಿ. ನಂತರ ವಾರಕ್ಕೆ ಕಾಲುಭಾಗದಂತೆ ಕಲ್ಲು ತೆಗೆಯಿರಿ. ಆ ದಿನಗಳಲ್ಲಿ ಸ್ಪಾಂಜ್ ತೊಳೆಯಬೇಡಿ, ಮೀನುಗಳ ಊಟ ಕಡಿಮೆ ಮಾಡಿ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡುತ್ತಿರಿ. ಬೋರ್‌ವೆಲ್ ನೀರಿನಂಥ ಕ್ಷಾರೀಯ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜಾಸ್ತಿ. ಕಿಟ್ ಸೊನ್ನೆ ತೋರಿಸದಿದ್ದರೆ ಅಂದೇ ನೀರು ಬದಲಿಸಿ. ಕಲ್ಲು, ತಟ್ಟೆ ಎಲ್ಲ ಹೊರಬಂದ ಮೇಲೆ ನೀರು ಅರ್ಧಕ್ಕಿಳಿಸಿ, ಪಂಪು ನಿಲ್ಲಿಸಿ, ಅಗಲವಾದ ಪೈಪಿನ ಮೂಲಕ ಮರಳನ್ನು ತಳಕ್ಕೇ ಇಳಿಸಿ. ಮುಂದೆ ಕ್ಯಾನಿಸ್ಟರ್ ಫಿಲ್ಟರ್ ಹಾಕುವುದಾದರೆ ನೀರೆಳೆಯುವ ಪೈಪು ತಳದಿಂದ ನಾಲ್ಕಂಗುಲ ಮೇಲಿರಲಿ, ಮರಳು ಒಳಹೊಕ್ಕರೆ ಇಂಪೆಲ್ಲರ್ ಸವೆಯುತ್ತದೆ.

ಕಪ್ಪು ಮರಳು ಚೆಂದ ಎಂದಿದ್ದೀರಿ. ಚೆಂದವೇ. ಆದರೆ ನಿಮ್ಮಲ್ಲಿರುವುದು ಪಿಜನ್ ಬ್ಲಡ್ ತಳಿ. ಕಪ್ಪು ತಳವಿದ್ದರೆ ಅವುಗಳ ಮೈಮೇಲೆ ಕರಿಮೆಣಸಿನ ಪುಡಿಯಂಥ ಚುಕ್ಕೆಗಳು ಎದ್ದು ಕಾಣತೊಡಗುತ್ತವೆ. ತೆಳು ಬಣ್ಣದ ಮರಳಿನ ಮೇಲೆ ಅವೇ ಮೀನುಗಳು ಕಿತ್ತಳೆಗೆ ತಿರುಗಿ ಹೊಳೆಯುತ್ತವೆ.

ದೀಪಾವಳಿ ಹೊತ್ತಿಗೆ ಎರಡಂಗುಲದ ಮರಿಗಳನ್ನು ತರುವ ಯೋಚನೆಯೂ ಇದೆಯಲ್ಲ, ಅವುಗಳ ತೊಟ್ಟಿಗೆ ಮರಳು ಬೇಡ. ದಿನಕ್ಕೆ ನಾಲ್ಕೈದು ಸಲ ತಿನ್ನಿಸಿ, ಬರಿಯ ಗಾಜಿನ ತಳವನ್ನು ದಿನವೂ ಒರೆಸಿ ಬೆಳೆಸಿ. ಅಂಗೈಯಗಲವಾದ ಮೇಲೆ ದೊಡ್ಡವುಗಳ ಜೊತೆ ಬಿಡಿ. ಮರಳು ಇಳಿಸಿದ ಮೇಲೆ ಬರೆಯಿರಿ, ಯಾವ ಮೀನು ಮೊದಲು ಊದಿತು ಎಂದು.

ಇಂತಿ ನಿಮ್ಮ ಗೆಳೆಯ