ಸೂಗೂರೇಶನ ಊರಿನಿಂದ ಕೋಟೆಯ ಕಲ್ಲಿನವರೆಗೆ

ಹೈದರಾಬಾದಿನಿಂದ ಹೊರಟ ಬಸ್ಸು ಕೃಷ್ಣೆಯ ಸೇತುವೆ ಹತ್ತಿದಾಗ ಪಕ್ಕದ ಸೀಟಿನ ಹಿರಿಯರು ಕಾಲಿಂದ ಚಪ್ಪಲಿ ತೆಗೆದು ಕೈಮುಗಿದರು. "ಹೊಳಿ ದಾಟಿದ್ರ ನಮ್ಮ ಸೀಮಿ ನೋಡ್ರಿ. ಈ ಬ್ರಿಡ್ಜ್ ನಿಜಾಮನ ಕಾಲದ್ದು" ಎಂದರು. 1943ರಲ್ಲಿ ಕಟ್ಟಿ ಮುಗಿಸಿದ ಈ ಸೇತುವೆಯ ಹೆಸರು ಸಿರಾತ್-ಎ-ಜೂದಿ. ಕೆಳಗೆ ಬಂಡೆಗಳ ನಡುವೆ ಕೃಷ್ಣೆ ಸೀಳಿಕೊಂಡು ಹರಿಯುತ್ತಿದ್ದಳು.

ದೇವಸುಗೂರಿನಲ್ಲಿ ಇಳಿದೆ. ಒಂದು ಕಡೆ ಸೂಗೂರೇಶ್ವರನ ಗುಡಿ, ಇನ್ನೊಂದು ಕಡೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು. ಕೃಷ್ಣೆಯ ನೀರು ಕುಡಿದು 1985ರಿಂದ ನಾಡಿಗೆ ಕರೆಂಟು ಕೊಡುತ್ತಿರುವ ಜಾಗ ಇದು. ಆದರೂ ಊರಿನವರ ಹೆಮ್ಮೆ ಗುಡಿಯ ಕಡೆಗೇ. ಈ ಸೀಮೆಯ ಮನೆಮನೆಯಲ್ಲಿ ಒಬ್ಬ ಸೂಗಪ್ಪ, ಒಬ್ಬಳು ಸೂಗಮ್ಮ ಇದ್ದೇ ಇರುತ್ತಾರೆ. ದೇವರ ಹೆಸರನ್ನು ಹೀಗೆ ದಿನವೂ ಕೂಗಿ ಕರೆಯುವ ಸಲುಗೆ ನನ್ನ ಮನಸ್ಸನ್ನು ತುಂಬಿತು.

ಅಲ್ಲಿಂದ ರಾಯಚೂರು. ಬಿಸಿಲು ಏರಿದ್ದಾಗ ಊರಿನ ಕೋಟೆಗೆ ಬಂದೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ಗೆದ್ದ ಕೋಟೆ ಇದು. ಅಂದು ರಾಯನ ಪರವಾಗಿ ಪೋರ್ಚುಗೀಸರ ಬಂದೂಕುಗಳೂ ಗುಡುಗಿದ್ದವು. ಆ ಯುದ್ಧದ ಕಥೆ ಓದಿಕೊಂಡೇ ಹೋಗಿದ್ದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕಲ್ಲು.

ಒಳಕೋಟೆಯ ಪಶ್ಚಿಮ ಗೋಡೆಯಲ್ಲಿದೆ ಅದು. ಉದ್ದ 41 ಅಡಿಗೂ ಹೆಚ್ಚು, ಒಂದೇ ಕಲ್ಲು! ಸುತ್ತಲಿನ ಕಲ್ಲುಗಳನ್ನೂ ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿದ್ದಾರೆ. ಕಾಕತೀಯರ ಸೇನಾನಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಅಕ್ಷರಗಳ ಬಳಿಯೇ ಗೆರೆಯಲ್ಲಿ ಕೊರೆದ ಚಿತ್ರವಿದೆ. ಹತ್ತಿರ ಹೋಗಿ ನೋಡಿದೆ: ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಇದೇ ಕಲ್ಲು, ಮುಂದೆ ಎಳೆಯುವ ಕೋಣಗಳ ಸಾಲು, ಜೊತೆಗೆ ಜನ. ಕಲ್ಲು ಹೇಗೆ ಬಂತೆಂಬುದನ್ನು ಕಲ್ಲೇ ಹೇಳುತ್ತಿದೆ! ಕಟ್ಟಿಸಿದವನ ಹೆಸರು ಎಲ್ಲ ಶಾಸನಗಳಲ್ಲೂ ಸಿಗುತ್ತದೆ, ಎಳೆದವರ ಬೆವರು ಎಷ್ಟರಲ್ಲಿ ಸಿಕ್ಕೀತು? ಏಳುನೂರು ವರ್ಷಗಳ ಬಿಸಿಲು ಮಳೆಯಲ್ಲಿ ಆ ಕೋಣಗಳು ಇನ್ನೂ ನಡೆಯುತ್ತಲೇ ಇವೆ ಎನ್ನಿಸಿ ಮೈ ಜುಮ್ಮೆಂದಿತು.

ರಾಯಚೂರೆಂದರೆ ಬರೀ ಬಿಸಿಲೆಂದು ಹೇಳುವವರೇ, ಒಮ್ಮೆ ಈ ಗೋಡೆಯ ಮುಂದೆ ನಿಲ್ಲಿರಿ. ಬೆಳಿಗ್ಗೆಯೇ ಹೋಗಿರಿ; ಓರೆ ಬಿಸಿಲಿನಲ್ಲಿ ಕೊರೆದ ಗೆರೆಗಳನ್ನು ಹುಡುಕಿರಿ. ಮಕ್ಕಳನ್ನೂ ಕರೆದುಕೊಂಡು ಹೋಗಿರಿ.