ಮಕ್ಕಳ ಬಂಡಿಯ ಮುಂಗಾಲಿಗಳು

ಮಕ್ಕಳು ತಮಗಾದ ನೋವನ್ನು ಕೂಗಿ ಹೇಳುತ್ತಾರೆ. ಅಭ್ಯಾಸವಾಗಿಹೋದ ಕಷ್ಟವನ್ನು ಮಾತ್ರ ಹೇಳುವುದಿಲ್ಲ. ಅದು ಕಷ್ಟವೆಂದೇ ಅವರಿಗೆ ತೋರುವುದಿಲ್ಲ. ಮೋಟಾರು ಷೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ನನಗೆ ಈ ಮಾತು ಮನದಟ್ಟಾದುದು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ, ಮಗಳ ಮನೆಯಲ್ಲಿದ್ದಾಗ.

ಆ ಸೀಮೆಯ ಹಳ್ಳಿಗಾಡಿನಲ್ಲಿ ಮಕ್ಕಳಿಗೆಂದೇ ಮಾಡಿದ ನಾಲ್ಕು ಚಕ್ರದ ಸಣ್ಣ ಮೋಟಾರು ಬಂಡಿಗಳುಂಟು. ಎ.ಟಿ.ವಿ. ಎಂದು ಅವುಗಳ ಹೆಸರು. ಸೈಕಲ್ಲಿನಂಥ ಹ್ಯಾಂಡಲು, ಕುದುರೆಯ ಮೇಲಿನಂತೆ ಕಾಲಿಳಿಬಿಟ್ಟು ಕೂರುವ ಆಸನ, ಉಬ್ಬಿದ ಟೈರುಗಳು. 1970ರಲ್ಲಿ ಜಪಾನಿನ ಹೋಂಡಾ ಕಂಪೆನಿಯವರು ಅಲ್ಲಿ ಮಾರಾಟಕ್ಕೆ ತಂದ ಬಂಡಿಗೆ ಮೂರೇ ಚಕ್ರ. ಅಂಥವು ಮಗುಚಿ ಅನಾಹುತಗಳಾದುದರಿಂದ 1988ರಲ್ಲಿ ತಯಾರಕರು ಸರ್ಕಾರದೊಡನೆ ಒಡಂಬಟ್ಟು ಅವುಗಳ ಮಾರಾಟವನ್ನು ನಿಲ್ಲಿಸಿದರು. ನಾಲ್ಕು ಚಕ್ರದ್ದೂ ಮಗುಚದ ಬಂಡಿಯೇನಲ್ಲ. ಹದಿನಾರು ವರ್ಷ ತುಂಬದವರು ಅದನ್ನು ಏರಲಾಗದೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘದ ಅಭಿಪ್ರಾಯ. ಆದರೂ ಮಕ್ಕಳು ಏರುತ್ತಲೇ ಇದ್ದಾರೆ.

ಒಂಬತ್ತು ವರ್ಷದ ಮೊಮ್ಮಗ ಬಯಲಿನಲ್ಲಿ ಸುತ್ತುಹಾಕುವುದನ್ನು ನಾನು ನೋಡುತ್ತಿದ್ದೆ. ನೇರವಾಗಿ ಸಾಗುವಾಗಲೂ ಅವನ ಎಡದೋಳು ಮುಂದಕ್ಕೆ ಚಾಚಿರುತ್ತಿತ್ತು. ಇಳಿದೊಡನೆ ಮಣಿಕಟ್ಟುಗಳನ್ನು ಕೊಡವಿಕೊಳ್ಳುತ್ತಿದ್ದ. “ಗಾಡಿ ಎಡಕ್ಕೆ ಎಳೆಯುತ್ತದೆಯೇನಪ್ಪ?” ಎಂದು ಕೇಳಿದೆ. “ಇಲ್ಲ ತಾತ, ಗಾಡಿ ಇರುವುದೇ ಹೀಗೆ” ಎಂದ.

ಅಳಿಯನೂ ನಾನೂ ಪರೀಕ್ಷೆಗೆ ತೊಡಗಿದೆವು. ಮೊದಲು ಗಾಳಿ: ಆ ಟೈರುಗಳಿಗೆ ಚದರ ಅಂಗುಲಕ್ಕೆ 3 ಪೌಂಡಿನಷ್ಟೇ ಸಾಕು, ಆದಕಾರಣ ಒಂದು ಕಡೆ ಅರ್ಧ ಪೌಂಡು ತಗ್ಗಿದರೂ ಬಂಡಿ ಓರೆಯಾಗಿ ಎಳೆದೀತು. ಗಾಳಿ ಸಮವಾಗಿತ್ತು. ಚಕ್ರಗಳನ್ನೆತ್ತಿ ಅಲುಗಿಸಿದೆವು, ಕೀಲುಗಳು ಸಡಿಲವಿರಲಿಲ್ಲ. ಬಳಿಕ ಹುಡುಗನನ್ನೇ ಆಸನದ ಮೇಲೆ ಕೂರಿಸಿದೆವು. ಭಾರಕ್ಕೆ ಸ್ಪ್ರಿಂಗು ತಗ್ಗಿದಂತೆ ಮುಂಗಾಲಿಗಳ ನಿಲವು ಬದಲಾಗುತ್ತದೆ. ಬರಿಯ ಬಂಡಿಯನ್ನು ಅಳೆದು ಪ್ರಯೋಜನವಿಲ್ಲ. ಹ್ಯಾಂಡಲನ್ನು ನೇರವಾಗಿ ನಿಲ್ಲಿಸಿ, ಎರಡು ಟೈರುಗಳ ನಡುವಿಗೂ ಸೀಮೆಸುಣ್ಣದ ಗುರುತಿಟ್ಟು, ಗುರುತುಗಳ ಅಂತರವನ್ನು ಅಚ್ಚಿನ ಮಟ್ಟದಲ್ಲಿ ಮುಂದುಗಡೆ ಒಮ್ಮೆ, ಚಕ್ರವನ್ನು ಅರ್ಧ ಉರುಳಿಸಿ ಹಿಂದುಗಡೆ ಒಮ್ಮೆ ಅಳೆದೆವು. ಮುಂದಿನ ಅಂತರ ಕೆಲವು ಮಿಲಿಮೀಟರು ಕಡಿಮೆಯಿರಬೇಕೆಂದು ಬಂಡಿಯ ಕೈಪಿಡಿ ಹೇಳುತ್ತಿತ್ತು. ಇಲ್ಲಿ 12 ಮಿಲಿಮೀಟರು ಹೆಚ್ಚಾಗಿತ್ತು. ಎಡಚಕ್ರವನ್ನು ತಿರುಗಿಸುವ ಟೈ ರಾಡು ಕಲ್ಲಿಗೋ ಬೊಡ್ಡೆಗೋ ಬಡಿದು ಬಾಗಿ ಗಿಡ್ಡವಾಗಿತ್ತು. ಉಬ್ಬಿನ ಮೇಲೆ ಕೈ ಜಾರಿದ್ದರೆ ಬಂಡಿ ತಾನಾಗಿಯೇ ಎಡಕ್ಕೆ ಹೊರಳುತ್ತಿತ್ತು.

ಬಾಗಿದ ರಾಡನ್ನು ಬಡಿದು ನೇರಮಾಡಬಾರದು, ಲೋಹ ದುರ್ಬಲವಾಗಿರುತ್ತದೆ. ಹೊಸದನ್ನು ಹಾಕಿ, ಅಳತೆ ಕೂಡಿಸಿ, ತಡೆನಟ್ಟುಗಳನ್ನು ಬಿಗಿದೆವು. ಬಿರುಸಾಗಿದ್ದ ಸ್ಪ್ರಿಂಗನ್ನು ಹುಡುಗನ ತೂಕಕ್ಕೆ ತಕ್ಕಂತೆ ಮೆತ್ತಗೆ ಮಾಡಿದೆವು. ನೆಲಬಿಟ್ಟು ಪುಟಿಯುವ ಚಕ್ರ ದಾರಿ ತೋರಲಾರದಷ್ಟೆ.

ಆಶ್ಚರ್ಯವಾದುದು ಆಮೇಲೆ. ಸರಿಪಡಿಸಿದ ಬಂಡಿಯನ್ನೇರಿದ ಹುಡುಗ ಬಲಕ್ಕೇ ಹೊರಳತೊಡಗಿದ! ತೋಳುಗಳು ಹಳೆಯ ದೋಷಕ್ಕೆ ಅಷ್ಟು ಒಗ್ಗಿದ್ದವು. ಅವು ಮತ್ತೆ ನೇರ ಹಿಡಿಯಲು ಅರ್ಧ ಗಂಟೆ ಹಿಡಿಯಿತು.

“ಏರಿಸುವುದೂ ಬಿಡುವುದೂ ನಿಮ್ಮ ವಿವೇಚನೆಗೆ ಸೇರಿದ್ದು. ಏರಿಸುವುದಾದರೆ ತಿಂಗಳಿಗೊಮ್ಮೆ ಅಳೆಯಿರಿ” ಎಂದು ಮಗಳಿಗೆ ಹೇಳಿ ಬಂದೆ. ಇಂಥ ಬಂಡಿ ನಮ್ಮ ಮನೆಗಳಲ್ಲಿ ವಿರಳವಿರಬಹುದು. ಆದರೆ ಒಂದೇ ಹೆಗಲಿಗೆ ಜೋತ ಪುಸ್ತಕದ ಚೀಲ, ಒಂದೇ ಅಂಚು ಸವೆದ ಚಪ್ಪಲಿ, ಕಾಲಿಗೆಟುಕದ ಸೈಕಲ್ಲಿನ ಪೆಡಲು ಯಾವ ಮನೆಯಲ್ಲಿಲ್ಲ? ಮಗು ದೂರುವವರೆಗೆ ಕಾಯದೆ ಹಿರಿಯರೇ ಅವನ್ನು ಬಗ್ಗಿ ನೋಡುವುದು ಲೇಸು.